ಹಿರಿಸೊಸೆಯ ಲಿನಕ್ಸ್

ಮಮತಳಿಗೆ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಲೋಟ ಕಾಫಿಯಿಂದ. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಅತ್ತೆ ಸಪ್ಪಲಮ್ಮ ಎರಡನೇ ಸಲ ಕಾಫಿ ಕಾಯಿಸಿ, ಮೊದಲ ಲೋಟವನ್ನು ಅಂಗಡಿಯಲ್ಲಿ ಕೂತ ಹಿರಿಸೊಸೆ ಮಮತಳಿಗೇ ತಂದುಕೊಡುತ್ತಿದ್ದಳು. ಒಂಬತ್ತು ವರ್ಷದಿಂದ ನಡೆದುಬಂದ ಪದ್ಧತಿ. ಆ ದಿನ ಮಾತ್ರ ಲೋಟ ಹಿಡಿದು ಬಂದವಳು ಮಮತಳನ್ನು ದಾಟಿಕೊಂಡು ಹೋಗಿ, ಕಂಪ್ಯೂಟರಿನ ಮುಂದೆ ಬಗ್ಗಿ ನಿಂತಿದ್ದ ಕಿರಿಸೊಸೆ ಶಿಲ್ಪಳ ಕೈಗೆ ಕೊಟ್ಟಳು.

"ಕುಡಿಯಮ್ಮ, ಪಾಪ, ತಲೆಗೆ ಎಷ್ಟು ಕೆಲ್ಸ ಕೊಡ್ತಿದೀಯ," ಅಂದಳು.

ಒಂಬತ್ತು ವರ್ಷ ತಾನು ಕೆಲಸ ಕೊಟ್ಟದ್ದು ತಲೆಗಲ್ಲದೆ ಇನ್ಯಾತಕ್ಕೆ ಎಂದು ಕೇಳಬೇಕೆನಿಸಿತು ಮಮತಳಿಗೆ. ಎರಡನೇ ಲೋಟ ಬಂದಾಗ ಮುಟ್ಟದೆ ಹಾಗೇ ಇಟ್ಟಳು. ಕಾಫಿ ಕೆನೆಗಟ್ಟಿ ಆರಿಹೋಯಿತು, ಯಾರೂ ಗಮನಿಸಲಿಲ್ಲ. ಅದು ಇನ್ನೂ ಹೆಚ್ಚು ಉರಿಯಿತು.

ರಾಜಘಟ್ಟದಲ್ಲಿ ರಸ್ತೆಗೆ ಮುಖ ಮಾಡಿದ ಅವರ ಮನೆಯ ಮುಂಕೋಣೆಯೇ ಅಂಗಡಿ. ಬೋರ್ಡಿನ ಮೇಲೆ 'ಶ್ರೀ ಸಪ್ಪಲಮ್ಮ ಜೆರಾಕ್ಸ್ ಮತ್ತು ಡಿಟಿಪಿ' ಎಂದು ಬರೆಸಿತ್ತು. ಅದು ದೇವರ ಹೆಸರು. ಆದರೆ ಅತ್ತೆ ಅದು ತನ್ನದೇ ಹೆಸರೆಂದು ನಂಬಿಕೊಂಡಿದ್ದಳು, ತಿದ್ದುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಜೆರಾಕ್ಸ್ ಎಲ್ಲಿ ಬೇಕಾದರೂ ಸಿಗುತ್ತದೆ. ಜನ ಇಲ್ಲಿಗೆ ಬರುತ್ತಿದ್ದದ್ದು ಮಮತಳ ಅರ್ಜಿಗೆ. ಪಿಂಚಣಿ ನಿಂತುಹೋದವರು, ಪಹಣಿಯಲ್ಲಿ ಹೆಸರು ತಪ್ಪಾದವರು, ಪಕ್ಕದ ಮನೆಯವನು ಗೋಡೆ ಒತ್ತಿ ಕಟ್ಟಿದ ಎನ್ನುವವರು ಸ್ಟೂಲಿನ ಮೇಲೆ ಕೂತು ಅಳುತ್ತಲೋ ಬೈಯುತ್ತಲೋ ಕಥೆ ಹೇಳುವರು. ಅವರ ಮುಖ ನೋಡುತ್ತಲೇ, ಕೀಬೋರ್ಡಿನ ಕಡೆ ಒಮ್ಮೆಯೂ ಕಣ್ಣು ಹಾಯಿಸದೆ, ಮಮತ ಅದನ್ನು 'ಮಾನ್ಯರೇ' ಎಂದು ಶುರುವಾಗಿ 'ತಮ್ಮ ವಿಶ್ವಾಸಿ' ಎಂದು ಮುಗಿಯುವ ಒಂದು ಪುಟ ಮಾಡಿಬಿಡುವಳು. ಮಾವ ಮುನಿಶಾಮಪ್ಪನ ಮನೆ ಎಂದರೆ ತಿಳಿಯದವರಿಗೂ ಅರ್ಜಿ ಮಮತಕ್ಕನ ಮನೆ ಎಂದರೆ ತಿಳಿಯುತ್ತಿತ್ತು. ಆ ಹೆಸರೊಂದೇ ಅವಳ ಆಸ್ತಿ.

ಏಳು ತಿಂಗಳ ಹಿಂದೆ ಮೈದುನ ಅಮರ್ ಅರಿಶಿನಕುಂಟೆಯಿಂದ ಶಿಲ್ಪಳನ್ನು ಮದುವೆಯಾಗಿ ಕರೆತಂದ. ಹುಡುಗಿ ಬಿಸಿಎ ಓದಿದ್ದಳು, ನೆಲಮಂಗಲದ ಕಡೆ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡಿದ್ದಳು. ಇಲ್ಲಿಂದ ಬಸ್ಸು ಬದಲಾಯಿಸಿ ಹೋಗಿಬರಲು ಆಗದೆ ಕೆಲಸ ಬಿಟ್ಟು, ಪಾತ್ರೆ ತೊಳೆಯುತ್ತ, ಮುದ್ದೆ ತೊಳಸುತ್ತ, ಬೇರೆ ಕೆಲಸ ಹುಡುಕುತ್ತ ಇದ್ದಳು. ಆರು ತಿಂಗಳು ಮಮತಳಿಗೆ ಅವಳ ಮೇಲೆ ಯಾವ ದೂರೂ ಇರಲಿಲ್ಲ. ಆಮೇಲೆ ಅಂಗಡಿಯ ಕಂಪ್ಯೂಟರಿನ ಪರದೆಯ ಮೇಲೆ, ಈ ವಿಂಡೋಸಿಗೆ ಇನ್ನು ಮುಂದೆ ಬೆಂಬಲವಿಲ್ಲ ಎಂಬ ನೋಟೀಸು ದಿನಾ ಬರತೊಡಗಿತು. ಮಿಷನ್ನು ಹಳೆಯದು, ಹೊಸ ವಿಂಡೋಸ್ ಅದಕ್ಕೆ ಒಗ್ಗುವುದಿಲ್ಲ. ಆನ್ ಮಾಡಿದರೆ ಏಳುವುದಕ್ಕೇ ಕಾಲು ಗಂಟೆ.

ಅವರೆಕಾಯಿ ಕಾಲ. ರಾತ್ರಿ ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಎಲ್ಲರೂ ಕೂತಾಗ ಗಂಡ ಭೀಮರಾಜ್ ಮಾತು ತೆಗೆದ. ಅವನೂ ಅಮರನೂ ಬಾಶೆಟ್ಟಿಹಳ್ಳಿಯ ಒಂದೇ ಫ್ಯಾಕ್ಟರಿಯಲ್ಲಿ ಬೇರೆ ಬೇರೆ ಶಿಫ್ಟು.

"ಹೊಸದು ತರೋಣ ಅಂದ್ರೆ ಮೂವತ್ತೈದು ಸಾವಿರ ಹೇಳ್ತಾರೆ. ಈ ವರ್ಷ ಆಗಲ್ಲ ಕಣೇ."

"ಭಾವ, ಹೊಸದು ಯಾಕೆ? ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ರೆ ಇದೇ ಮಿಷನ್ನು ಇನ್ನೂ ಐದು ವರ್ಷ ಓಡುತ್ತೆ," ಅಂದಳು ಬಡಿಸುತ್ತಿದ್ದ ಶಿಲ್ಪ. "ದುಡ್ಡೂ ಕೊಡಂಗಿಲ್ಲ."

ಮಾವ ಮುನಿಶಾಮಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಬಿಟ್ಟಿ ಕೊಡ್ತಾರಾ? ಯಾವ ಪಾರ್ಟಿಯೋರು?"

"ಪಾರ್ಟಿ ಅಲ್ಲ ಮಾವ. ಪ್ರಪಂಚದಲ್ಲಿರೋ ಜನ ಸೇರ್ಕೊಂಡು ಬರೆದು, ಯಾರು ಬೇಕಾದ್ರೂ ಹಾಕ್ಕೊಳ್ಳಿ ಅಂತ ಬಿಟ್ಟವ್ರೆ."

"ಹಂಗಾದ್ರೆ ನಾಳೇನೇ ಹಾಕ್ಬಿಡು."

"ನಾನು ಹಾಕೋದಲ್ಲ. ಲಿನಕ್ಸ್ ಅಂದ್ರೆ ಒಂದೇ ಅಲ್ಲ, ನೂರಾರು ಥರ ಇದಾವೆ. ಕೂತ್ಕೊಂಡು ಕೆಲ್ಸ ಮಾಡೋರು ಅಕ್ಕ, ಅವ್ರೇ ಆರಿಸ್ಬೇಕು." ಶಿಲ್ಪ ಮಮತಳ ತಟ್ಟೆಗೆ ಸಾರು ಬಿಟ್ಟಳು. "ಮೂರು ಥರದ್ದು ಪೆನ್ ಡ್ರೈವಿಗೆ ಹಾಕಿಕೊಡ್ತೀನಿ ಅಕ್ಕ. ಒಳಗಡೆ ಏನೂ ಮುಟ್ಟದೆ ಪೆನ್ ಡ್ರೈವಿಂದ್ಲೇ ಓಡಿಸಿ ನೋಡ್ಬೋದು. ಮಿಂಟ್ ಅಂತ ಒಂದಿದೆ, ಹೊಸದಾಗಿ ಕಲಿಯೋರಿಗೆ ಸಲೀಸು."

"ಹೊಸದಾಗಿ ಕಲಿಯೋರು ಯಾರು?" ಅಂದಳು ಮಮತ.

ಶಿಲ್ಪಳ ಕೈಯಲ್ಲಿ ಸೌಟು ಹಾಗೇ ನಿಂತಿತು. "ಅಂದ್ರೆ... ಲಿನಕ್ಸಿಗೆ ಹೊಸಬರು ಅಂದೆ ಅಕ್ಕ."

"ನೀನು ಸ್ಕೂಲಲ್ಲಿ ಅಆಇಈ ತಿದ್ದೋವಾಗ್ಲೇ ನಾನು ದೊಡ್ಡಬಳ್ಳಾಪುರದಲ್ಲಿ ಟೈಪಿಂಗ್ ಕಲ್ತಿದ್ದೆ."

"ಲೇ, ಉಣ್ಣೇ ಸುಮ್ನೆ," ಅಂದ ಭೀಮರಾಜ್. ಅವನು ಅಂದದ್ದು ಹೆಂಡತಿಗೆ. ತಮ್ಮನ ಹೆಂಡತಿಗಲ್ಲ, ಅಮ್ಮನಿಗಲ್ಲ, ತನಗೇ ಅಂದ ಎಂಬುದನ್ನು ಮಮತ ಲೆಕ್ಕಕ್ಕೆ ಹಿಡಿದಳು.

ಮಾರನೆಯ ದಿನ ಶಿಲ್ಪ ಪೆನ್ ಡ್ರೈವ್ ಚುಚ್ಚಿ ಕಂಪ್ಯೂಟರ್ ಶುರು ಮಾಡಿದಳು. ಕಾಫಿ ಲೋಟದ ಕಥೆ ನಡೆದದ್ದು ಆಗಲೇ. ಪರದೆಯ ಮೇಲೆ ಹಸಿರು ಬಣ್ಣ ಮೂಡಿತು, ಬೆಟ್ಟದ ಚಿತ್ರ ಬಂತು, ಕೆಳಗಡೆ ಎಡಮೂಲೆಯಲ್ಲಿ ಮೆನು ಬಂತು. ಕಾಲು ಗಂಟೆಯ ಜಾಗದಲ್ಲಿ ಎರಡು ನಿಮಿಷ ಹಿಡಿದಿತ್ತು. ಮಗಳು ಹರ್ಷಿತ ಸ್ಕೂಲಿಗೆ ಹೊರಟವಳು ಬ್ಯಾಗು ಹೊತ್ತೇ ಚಿಕ್ಕಮ್ಮನ ಹೆಗಲಿಗೆ ಗದ್ದ ಊರಿ ನೋಡುತ್ತಿದ್ದಳು.

"ನಂದೊಂದು ಅರ್ಜಿ ತೆಗಿ ನೋಡೋಣ," ಅಂದಳು ಮಮತ.

ಶಿಲ್ಪ ಒಂದು ಹಳೆಯ ಅರ್ಜಿ ತೆರೆದಳು. ಪರದೆಯ ತುಂಬ ಕೊಂಬು, ಸೊನ್ನೆ, ಇಂಗ್ಲಿಷ್ ಚಿಹ್ನೆಗಳು ಚೆಲ್ಲಾಪಿಲ್ಲಿ ಬಿದ್ದವು. ಒಂದು ಕನ್ನಡ ಅಕ್ಷರ ಇರಲಿಲ್ಲ.

ಮಮತಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ನೋಡಮ್ಮ, ನಿನ್ನ ಲಿನಕ್ಸಿಗೆ ಕನ್ನಡಾನೇ ಬರಲ್ಲ! ಜನ ಬಂದು ಕೇಳಿದ್ರೆ ಇದನ್ನ ಪ್ರಿಂಟ್ ಹಾಕಿ ಕೊಡ್ಲಾ?"

"ಕನ್ನಡ ಬರುತ್ತೆ ಅಕ್ಕ. ಇದು ಹಳೇ ನಮೂನೆ ಫಾಂಟಲ್ಲಿ ಬರ್ದಿರೋದು, ಯೂನಿಕೋಡಿಗೆ ಬದಲಾಯಿಸ್ಬೇಕು ಅಷ್ಟೇ. ನಿಮ್ಮ ಕೀಬೋರ್ಡ್ ಅದೇ ಇರುತ್ತೆ, ಬೆರಳು ಬದಲಾಯಿಸೋದೇ ಬೇಡ. ಅದಕ್ಕೆ ಮುಂಚೆ ಎಲ್ಲಾ ಫೈಲು ಬೇರೆ ಕಡೆ ಕಾಪಿ ಮಾಡ್ಕೊಳ್ಳೋಣ, ಆಮೇಲೆ..."

"ನಂಗೆ ಪಾಠ ಬೇಡ."

"ಅಮ್ಮ," ಅಂದಳು ಹರ್ಷಿತ, "ಚಿಕ್ಕಮ್ಮ ಏನ್ ಹೇಳ್ತಾರೆ ಮೊದ್ಲು ಕೇಳು. ನಿಂಗೆ ಗೊತ್ತಿಲ್ವಲ್ಲ."

ಹೆತ್ತ ಮಗಳು. ಅತ್ತೆ ಕಾಫಿ ಕೊಟ್ಟದ್ದನ್ನು ನುಂಗಿಕೊಂಡವಳಿಗೆ ಇದನ್ನು ನುಂಗಲಾಗಲಿಲ್ಲ. ಇನ್ನು ಎಂಟು ದಿನ ಹೋದರೆ ಸ್ಟೂಲಿನ ಮೇಲೆ ಕೂತವರು ಕೂಡ 'ಶಿಲ್ಪಕ್ಕ ಇಲ್ವಾ?' ಎಂದು ಕೇಳುತ್ತಾರೆ ಎನ್ನುವುದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಲಿನಕ್ಸ್ ಹಾಕಲೇಬೇಕಾದರೆ ಹಾಕುವವಳು ತಾನೇ, ಅದೂ ಶಿಲ್ಪ ಹೇಳಿದ್ದನ್ನು ಬಿಟ್ಟು ಬೇರೆಯದನ್ನು ಎಂದು ಅಂದೇ ತೀರ್ಮಾನಿಸಿದಳು.

ಅಡುಗೆ ಮುಗಿಸಿ, ಬಟ್ಟೆ ಒಣಹಾಕಿ, ಮಧ್ಯಾಹ್ನ ಅತ್ತೆ ಮಲಗಿದಾಗ ಮಹಡಿ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ವಿಡಿಯೋ ನೋಡತೊಡಗಿದಳು. ಒಬ್ಬ ಉಬುಂಟು ಅಂದ. ಇನ್ನೊಬ್ಬ ಅದನ್ನು ಮುಟ್ಟಬೇಡಿ, ಜೋರಿನ್ ಹಾಕಿ ಅಂದ. ಮೂರನೆಯವನು, ಹೊಸಬರು ಕಣ್ಣುಮುಚ್ಚಿಕೊಂಡು ಮಿಂಟ್ ಹಾಕಿ ಅಂದ. ಅವನ ವಿಡಿಯೋವನ್ನು ಅಲ್ಲಿಗೇ ನಿಲ್ಲಿಸಿದಳು. ನಾಲ್ಕನೆಯವನು ಗಡ್ಡದವನು, ಹಿಂದಿಯಲ್ಲಿ ಮಾತಾಡುತ್ತಿದ್ದ. ಆರ್ಚ್ ಅಂತ ಒಂದು ಇದೆ, ಅದು ಪಳಗಿದವರಿಗೆ ಮಾತ್ರ, ಅದನ್ನು ಹಾಕಿದವರಿಗೆ ಮಿಕ್ಕವರೆಲ್ಲ ಮರ್ಯಾದೆ ಕೊಡುತ್ತಾರೆ ಅಂದ. ಮಮತಳಿಗೆ ಬೇಕಾಗಿದ್ದದ್ದೂ ಅದೇ. ಹೊಸ ಸೊಸೆ ಹೊಸಬರದ್ದನ್ನು ಹಾಕಿಕೊಳ್ಳಲಿ, ಹಿರಿಸೊಸೆಗೆ ಹಿರಿಯರದ್ದೇ ಸರಿ. ಮನೆಯಲ್ಲಿ ಬಾಗಿನ ಕೊಡುವಾಗ ಯಾರಿಗೆ ಮೊದಲು ಎಂದು ನೋಡುವ ಕಣ್ಣಿನಲ್ಲೇ ಅವಳು ಕಂಪ್ಯೂಟರನ್ನೂ ನೋಡಿದಳು.

ಶುಕ್ರವಾರ ದೊಡ್ಡಬಳ್ಳಾಪುರಕ್ಕೆ ಕಾಗದದ ಬಂಡಲು ತರಲು ಹೋದವಳು ಕಂಪ್ಯೂಟರ್ ರಿಪೇರಿಯ ಆನಂದನ ಅಂಗಡಿ ಹತ್ತಿದಳು.

"ಆನಂದಣ್ಣ, ಒಂದು ಪೆನ್ ಡ್ರೈವಿಗೆ ಆರ್ಚ್ ಹಾಕಿಕೊಡಿ."

ಆನಂದ ಕನ್ನಡಕದ ಮೇಲಿಂದ ನೋಡಿದ. "ಯಾರಿಗೆ?"

"ನಂಗೇನೆ."

"ಮೊದಲನೇ ಸಲಾನಾ? ಬೇಡಮ್ಮ. ಅದರಲ್ಲಿ ಮೌಸು ಗೀಸು ಏನೂ ಬರಲ್ಲ, ಕಪ್ಪು ಸ್ಕ್ರೀನಲ್ಲಿ ಎಲ್ಲಾ ಟೈಪ್ ಮಾಡ್ಬೇಕು. ಮಿಂಟ್ ಹಾಕಿಕೊಡ್ತೀನಿ, ತಗೊಂಡು ಹೋಗು."

"ಟೈಪಿಂಗ್ ನಂಗೆ ಬರುತ್ತೆ. ಅದೇ ಹಾಕಿ."

"ಹಳೇ ಫೈಲೆಲ್ಲ ಬ್ಯಾಕಪ್ ಮಾಡ್ಕೊಂಡಿದೀಯ ತಾನೆ?"

ಮಮತ ತಲೆ ಆಡಿಸಿದಳು. ಆ ತಲೆ ಆಡಿಸಿದ್ದನ್ನು ಆಮೇಲೆ ಎಷ್ಟು ಸಲ ನೆನೆಸಿಕೊಂಡಳೋ ಲೆಕ್ಕವಿಲ್ಲ.

ಭಾನುವಾರ ಅರಿಶಿನಕುಂಟೆಯಲ್ಲಿ ಶಿಲ್ಪಳ ಅಕ್ಕನಿಗೆ ಸೀಮಂತ. ಮನೆಮಂದಿಯೆಲ್ಲ ಹೊರಟರು. ಮಮತ ತಲೆನೋವು ಎಂದು ಉಳಿದಳು. ಬೀಗರ ಮನೆಯ ಶುಭಕಾರ್ಯಕ್ಕೆ ಹಿರಿಸೊಸೆ ಬರದಿದ್ದರೆ ಏನಂದುಕೊಳ್ಳುತ್ತಾರೆ ಎಂದು ಅತ್ತೆ ಗೊಣಗಿಕೊಂಡೇ ಆಟೋ ಹತ್ತಿದಳು. ಆಟೋ ತಿರುವು ದಾಟುತ್ತಲೂ ಮಮತಳ ತಲೆನೋವು ಹೋಯಿತು. ಅಂಗಡಿಯ ಷಟರನ್ನು ಅರ್ಧ ಇಳಿಸಿ, ಫೋನನ್ನು ಪ್ರಿಂಟರಿಗೆ ಒರಗಿಸಿ ಗಡ್ಡದವನ ವಿಡಿಯೋ ಹಚ್ಚಿದಳು.

ಅವನು ಒಂದು ಸಾಲು ಟೈಪ್ ಮಾಡಿದರೆ ನಿಲ್ಲಿಸಿ ತಾನೂ ಒಂದು ಸಾಲು ಟೈಪ್ ಮಾಡುವಳು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಒಂಬತ್ತು ವರ್ಷದ ಕೈ ಅದು. ನಡುವೆ ಒಂದು ಕಡೆ ಕಂಪ್ಯೂಟರ್ ಇಂಗ್ಲಿಷಿನಲ್ಲಿ, ಇದರೊಳಗಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳಿತು. ವಿಡಿಯೋದವನು ಹೂಂ ಎಂದು ಒತ್ತಿದ. ಅಳಿಸುವುದು ವಿಂಡೋಸನ್ನು ಎಂದು ತಿಳಿದುಕೊಂಡು ಮಮತಳೂ ಒತ್ತಿದಳು. ಆಮೇಲೆ ಇಂಟರ್ನೆಟ್ಟಿನಿಂದ ಏನೇನೋ ಇಳಿಯತೊಡಗಿತು. ಅರ್ಧ ಇಳಿದಿರುವಾಗ ಕರೆಂಟು ಹೋಯಿತು.

ಕರೆಂಟು ಬಂದ ಮೇಲೆ ಕಪ್ಪು ಪರದೆ, ಅದರಲ್ಲಿ ಒಂದು ಬಿಳಿ ಸಾಲು. ಇದರಲ್ಲಿ ಶುರುವಾಗುವಂಥದ್ದು ಏನೂ ಇಲ್ಲ ಎಂಬರ್ಥದ ಸಾಲು. ಆಫ್ ಮಾಡಿ ಆನ್ ಮಾಡಿದಳು. ಅದೇ ಸಾಲು. ಹತ್ತು ಸಲ ಮಾಡಿದಳು. ಒಂಬತ್ತು ವರ್ಷದ ಅರ್ಜಿಗಳು, ಕರಾರುಗಳು, ಊರಿನ ಲಗ್ನಪತ್ರಿಕೆಗಳು ಎಲ್ಲವೂ ಹೋಗಿದ್ದವು. ಮಮತ ಸ್ಟೂಲಿನ ಮೇಲೆ, ಜನ ಕೂತು ಅಳುವ ಜಾಗದಲ್ಲಿ ಕೂತು ಅತ್ತಳು. ಆಮೇಲೆ ಮುಖ ತೊಳೆದು, ಕಂಪ್ಯೂಟರಿಗೆ ಬಟ್ಟೆ ಹೊದಿಸಿ, ಸಾಯಂಕಾಲಕ್ಕೆ ಉಪ್ಸಾರಿಗೆ ಇಟ್ಟಳು.

ಸೋಮವಾರ ಬೆಳಿಗ್ಗೆ ಪಕ್ಕದ ಬೀದಿಯ ಆವಲಪ್ಪ, ಮನೆ ಮುಂದೆ ಚರಂಡಿ ನೀರು ನಿಲ್ಲುತ್ತದೆ, ಪಂಚಾಯ್ತಿಗೆ ಒಂದು ಅರ್ಜಿ ಬೇಕು ಎಂದು ಬಂದ. ಮಮತ ಎಲ್ಲರೆದುರಿಗೂ ಕಂಪ್ಯೂಟರ್ ಆನ್ ಮಾಡಿದಳು. ಕಪ್ಪು ಪರದೆ ಬಂತು.

"ಅಯ್ಯೋ, ಏನಾಯ್ತು?" ಅಂದ ಭೀಮರಾಜ್.

"ನಂಗೇನು ಗೊತ್ತು? ಶನಿವಾರದ ತನಕ ಸರೀಗೇ ಇತ್ತು. ಹೋದ ವಾರ ಅದೇನೋ ಪೆನ್ ಡ್ರೈವು ಚುಚ್ಚಿದ್ದೂ ಚುಚ್ಚಿದ್ದೇ, ತೆಗೆದಿದ್ದೂ ತೆಗೆದಿದ್ದೇ."

ಬಿಡಿಸಿ ನೋಡಿದರೆ 'ನಂಗೇನು ಗೊತ್ತು' ಎಂಬುದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ನಿಜವೇ. ಅಷ್ಟು ಸಾಕಾಯಿತು. ಸಪ್ಪಲಮ್ಮ ಸೊಂಟಕ್ಕೆ ಸೆರಗು ಸಿಗಿಸಿದಳು.

"ಲೇ ಶಿಲ್ಪಾ! ಓಡ್ತಿದ್ದ ಮಿಷನ್ನಿಗೆ ಮಣ್ಣು ಹಾಕ್ದೇನೇ? ಬಂದು ವರ್ಷ ಆಗಿಲ್ಲ, ಮನೆ ಅನ್ನದ ದಾರಿಗೇ ಕೈ ಇಟ್ಟಳಲ್ಲ ಇವ್ಳು!"

ಅಮರ್ ಕೂಡ ಹೆಂಡತಿಯ ಕಡೆ ಮುಖ ಗಂಟಿಕ್ಕಿದ. "ಗೊತ್ತಿದ್ರೆ ಮಾಡ್ಬೇಕು ಕಣೇ. ಇಲ್ದಿದ್ರೆ ಸುಮ್ನಿರ್ಬೇಕು."

ಶಿಲ್ಪ ಕಂಪ್ಯೂಟರಿನ ಹಿಂದೆ ಕೈಹಾಕಿ ಏನೋ ತಡಕಿದಳು, ಮುಷ್ಟಿ ಮುಚ್ಚಿಕೊಂಡು ಒಳಗೆ ಹೋದಳು. ಮಧ್ಯಾಹ್ನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಮತ ಒಬ್ಬಳೇ ಇದ್ದಾಗ ಬಂದು, ಆನಂದನ ಅಂಗಡಿಯ ಪೆನ್ ಡ್ರೈವನ್ನು ಅವಳ ಒದ್ದೆ ಕೈಯಲ್ಲಿಟ್ಟಳು.

"ನಿಮ್ದು. ಹಿಂದ್ಗಡೆ ಹಾಗೇ ಸಿಕ್ಕೊಂಡಿತ್ತು," ಅಂದಳು. ಇನ್ನೊಂದು ಮಾತಿಲ್ಲದೆ ಕೊಡ ಎತ್ತಿಕೊಂಡು ಹೋದಳು.

ಶಿಲ್ಪ ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ಮಮತ ಕಾದಳು. ಮಂಗಳವಾರ ಹೇಳಲಿಲ್ಲ. ಬುಧವಾರ ಎಲ್ಲರೂ ಜಗಲಿಯಲ್ಲಿ ಮೊರ ಇಟ್ಟುಕೊಂಡು, ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ಬಿಡಿಸುತ್ತ ಕೂತರು. ಒಂದೊಂದು ಕಾಳು ಹಿಸುಕುವಾಗಲೂ ಸಪ್ಪಲಮ್ಮ ಒಂದೊಂದು ಮಾತು ಬಿಟ್ಟಳು. ಓದಿದೋರ ಹಣೆಬರಹ ಇಷ್ಟೇ ಅಂದಳು. ಅವರಮ್ಮ ಏನು ಕಲಿಸಿ ಕಳಿಸಿದಳೋ ಅಂದಳು. ನಿನ್ನೆ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಎಂಬುದನ್ನೂ ಅದಕ್ಕೇ ಸೇರಿಸಿದಳು. ಶಿಲ್ಪ ತಲೆ ಬಗ್ಗಿಸಿಕೊಂಡು ಎಲ್ಲರಿಗಿಂತ ಬೇಗ ಬೇಗ ಕಾಳು ಬಿಡಿಸಿದಳು. ಹರ್ಷಿತ ಚಿಕ್ಕಮ್ಮನ ಪಕ್ಕಕ್ಕೆ ಇನ್ನಷ್ಟು ಸರಿದು ಕೂತಳು.

ಮಮತಳಿಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇವಳು ಜಗಳವಾಡಿದ್ದರೆ, ಅಕ್ಕನೇ ಮಾಡಿದ್ದು ಎಂದು ಕೂಗಿದ್ದರೆ ತಾನೂ ನಾಲ್ಕು ಮಾತು ಅಂದು ಸಮ ಮಾಡಿಕೊಳ್ಳಬಹುದಿತ್ತು. ಈಗ ಕಂಪ್ಯೂಟರ್ ಗೊತ್ತಿರುವವಳೂ ಅವಳೇ, ಒಳ್ಳೆಯವಳೂ ಅವಳೇ. ಮಮತಳಿಗೆ ಉಳಿದದ್ದೇನು?

ಗುರುವಾರ ರಾತ್ರಿ ಹಿಸುಕಿದ ಬೇಳೆ ಸಾರು. ಮುನಿಶಾಮಪ್ಪ ಎರಡನೇ ಮುದ್ದೆಗೆ ಕೈ ಹಾಕುತ್ತ ಅಂದ: "ಏನೇ ಅನ್ನಿ, ಆ ಹುಡ್ಗಿ ನಾಲ್ಕು ದಿನದಿಂದ ತಿರುಗಿ ಒಂದು ಮಾತಾಡಿಲ್ಲ. ಅದು ಗುಣ ಅಂದ್ರೆ. ಹಂಗಿರ್ಬೇಕು ಹೆಣ್ಮಕ್ಕಳು."

ಮಮತ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು. ತನ್ನ ತಪ್ಪನ್ನು ಹೊತ್ತುಕೊಂಡು ಅವಳು ಹೊಗಳಿಕೆ ಗಳಿಸುತ್ತಿದ್ದಾಳೆ! ತಪ್ಪು ತನ್ನದು, ಹೊಗಳಿಕೆ ಅವಳಿಗೆ. ಇದನ್ನು ಮಾತ್ರ ಸಹಿಸಲಾಗಲಿಲ್ಲ. ಪಶ್ಚಾತ್ತಾಪದಿಂದ ಹೇಳಿದಳು ಎಂದು ಬರೆದರೆ ಚೆಂದ, ಆದರೆ ಅವಳು ಹೇಳಿದ್ದು ಹೊಟ್ಟೆಕಿಚ್ಚಿನಿಂದಲೇ.

"ಅವಳೇನೂ ಮಾಡಿಲ್ಲ ಮಾವ. ಮಾಡಿದ್ದು ನಾನು. ಭಾನುವಾರ ನೀವೆಲ್ಲ ಹೋದ್ಮೇಲೆ ಆನಂದನ ಹತ್ರ ತಂದಿದ್ದು ಹಾಕಕ್ಕೆ ಹೋಗಿ ಎಲ್ಲಾ ಅಳಿಸ್ಬಿಟ್ಟೆ. ಅವಳಿಗೂ ಗೊತ್ತು. ಗೊತ್ತಿದ್ದೂ ದೊಡ್ಡಸ್ತಿಕೆಗೆ ಸುಮ್ನಿದ್ಲು."

ಬೈಗುಳಕ್ಕೆ ಮಮತ ಬೆನ್ನು ಗಟ್ಟಿಮಾಡಿಕೊಂಡಳು. ಸಪ್ಪಲಮ್ಮ ಒಂದು ಗಳಿಗೆ ಅವಳನ್ನು ನೋಡಿ, ಉಸಿರು ಬಿಟ್ಟು ಅಂದಳು:

"ಹೋಗ್ಲಿ ಬಿಡು. ಬೇಕಂತ ಮಾಡಿದ್ಯಾ? ಒಂಬತ್ತು ವರ್ಷದಿಂದ ಒಬ್ಬಳೇ ದುಡೀತಿದೀಯ. ಮಿಷನ್ನು ತಾನೆ, ಉಣ್ಣು."

"ಹೂಂ, ಆಗೋದು ಆಯ್ತು," ಅಂದ ಭೀಮರಾಜ್. ಅಮರ್ ಹೆಂಡತಿಯ ಕಡೆ ನೋಡದೆ ಮಜ್ಜಿಗೆ ಕೇಳಿದ.

ಶಿಲ್ಪ ಮಜ್ಜಿಗೆ ಪಾತ್ರೆಯನ್ನು ಕುಕ್ಕಿ ಇಟ್ಟು ಹಿತ್ತಲಿಗೆ ಹೊರಟುಹೋದಳು.

ಮಮತ ಕೈತೊಳೆದು ಹಿಂದೆ ಹೋದಳು. ಶಿಲ್ಪ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ.

"ಯಾಕೆ ಹೇಳ್ಲಿಲ್ಲ ನೀನು? ನನ್ನ ಸಣ್ಣೋಳು ಮಾಡಕ್ಕಾ?"

"ಹೇಳಿದ್ರೆ ಯಾರು ನಂಬ್ತಿದ್ರು ಅಕ್ಕ?" ಶಿಲ್ಪಳ ದನಿ ಎಂದೂ ಇಲ್ಲದಷ್ಟು ಗಡುಸಾಗಿತ್ತು. "ಪೆನ್ ಡ್ರೈವ್ ತೋರ್ಸಿದ್ರೂ, ಹಿರಿಯೋಳ ಮೇಲೆ ಹಾಕ್ತಾಳೆ ಅಂತ ಇನ್ನೂ ನಾಲ್ಕು ಬೈತಿದ್ರು. ನನ್ನ ಗಂಡಾನೇ ನಂಬ್ಲಿಲ್ಲ. ಇದ್ರಲ್ಲಿ ದೊಡ್ಡಸ್ತಿಕೆ ಎಲ್ಲಿಂದ ಬಂತು? ನಂಗೆ ಭಯ. ನಾಲ್ಕು ದಿನ ನನಗೆ ಬೈದ್ರು, ನಮ್ಮಮ್ಮನ್ನೂ ಸೇರಿಸಿ. ನಿಮಗೆ ನಾಲ್ಕು ನಿಮಿಷಾನೂ ಬೈಲಿಲ್ಲ. 'ಉಣ್ಣು' ಅಂದ್ರು."

ಮಮತ ಒಂದು ಹೆಜ್ಜೆ ಹತ್ತಿರ ಬಂದಳು.

"ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ ಅಕ್ಕ. ನಿಜವಾಗ್ಲೂ. ಊರವ್ರೆಲ್ಲ ಮಮತಕ್ಕ ಮಮತಕ್ಕ ಅಂತಾರೆ. ಅಂಗಡಿಗೊಂದು ದಾರಿ ಮಾಡಿಕೊಟ್ರೆ ನನ್ನ ಹೆಸರೂ ಒಂದ್ಸಲ ಯಾರಾದ್ರೂ ಕರೀತಾರೇನೋ ಅಂದ್ಕೊಂಡಿದ್ದೆ."

ಕಿರಿಯವಳಿಗೂ ತನ್ನನ್ನು ಕಂಡರೆ ಹೊಟ್ಟೆಯುರಿ ಎಂದು ಕೇಳಿ ಮಮತಳಿಗೆ ಮೊದಲು ಆದದ್ದು ಸಂತೋಷ. ಏಳು ತಿಂಗಳಲ್ಲಿ ಅಷ್ಟು ಹಿತವಾದ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಆಮೇಲೆ ಆ ಸಂತೋಷಕ್ಕೇ ಮೈ ಹಿಡಿಯಾಯಿತು. ಒಂದು ಲೋಟ ಕಾಫಿ ತಪ್ಪಿದ್ದಕ್ಕೆ ತಾನು ಇಷ್ಟು ಕುದಿದಿದ್ದಳು. ಈ ಹುಡುಗಿ ಎಲ್ಲರಿಗೂ ಬಡಿಸಿ ಕೊನೆಗೆ ಒಬ್ಬಳೇ ಕೂತು ಉಣ್ಣುವುದನ್ನು ಏಳು ತಿಂಗಳು ನೋಡಿಯೂ ನೋಡಿರಲಿಲ್ಲ.

"ಊಟ ಆಯ್ತಾ?" ಅಂದಳು.

"ಇಲ್ಲ."

"ಎದ್ದು ಬಾ. ನಾನು ಬಡಿಸ್ತೀನಿ. ನಾಳೆ ಆ ಮೂರು ಲಿನಕ್ಸೂ ತೋರ್ಸು. ಫೈಲೆಲ್ಲ ಹೇಗೂ ಹೋಯ್ತು, ಇನ್ನು ಹೆದರಿಕೆ ಏನು?"

ಶುಕ್ರವಾರದಿಂದ ಆರಿಸುವ ಕೆಲಸ ಶುರುವಾಯಿತು. ಶಿಲ್ಪ ಪೆನ್ ಡ್ರೈವ್ ಹಾಕಿಕೊಟ್ಟು ಪಕ್ಕದಲ್ಲಿ ನಿಂತಳು. ಕೂತು ನೋಡಿದವಳು ಮಮತ. ಮಿಂಟ್ ಕೊನೆಗೆ ಇರಲಿ ಅಂದಳು. ಸೋಲುವುದಿದ್ದರೂ ಒಂದೇ ಸಲಕ್ಕೆ ಸೋಲುವ ಜಾಯಮಾನ ಅವಳದಲ್ಲ. ಜೋರಿನ್ ನೋಡಲು ಬಲು ಚೆಲುವಾಗಿತ್ತು. ಹಳೇ ಮಿಷನ್ನಿನ ಫ್ಯಾನು ಮಾತ್ರ ಅದನ್ನು ಹೊರಲಾರದೆ ಒಂದೇ ಸಮನೆ ಗೋಳಾಡಿತು. ಉಬುಂಟುವಿನಲ್ಲಿ ಗುಂಡಿಗಳೆಲ್ಲ ಎಡಗಡೆ ಉದ್ದಕ್ಕೆ ನಿಂತಿದ್ದವು. ಪೂರ್ತಿ ಒಂದು ದಿನ ಅದರೊಡನೆ ಹೆಣಗಿದಳು, ಮನಸ್ಸಿನಲ್ಲಿ ಇದನ್ನೇ ಗೆಲ್ಲಿಸಬೇಕೆಂದಿತ್ತು, ಕೈ ಕೇಳಲಿಲ್ಲ. ಕೊನೆಗೆ ಮಿಂಟ್ ಬಂತು. ಮೆನು ಅವಳ ಕೈ ಹೋಗುವ ಮೂಲೆಯಲ್ಲೇ ಇತ್ತು. ಪ್ರಿಂಟರನ್ನು ಹೇಳದೆಯೇ ಗುರುತು ಹಿಡಿಯಿತು. ಶಿಲ್ಪ ಕನ್ನಡ ಕೀಬೋರ್ಡನ್ನು ಮಮತ ಇಷ್ಟು ದಿನ ಬಳಸುತ್ತಿದ್ದ ನುಡಿ ತಂತ್ರಾಂಶದ ಜೋಡಣೆಗೆ ಇಟ್ಟುಕೊಟ್ಟಳು.

ಮಮತ ಕಣ್ಣು ಮುಚ್ಚಿಕೊಂಡು 'ಗ್ರಾಮ ಪಂಚಾಯ್ತಿ ಅಧ್ಯಕ್ಷರಿಗೆ' ಎಂದು ಹೊಡೆದಳು. ಕಣ್ಣು ಬಿಟ್ಟು ನೋಡಿದಳು. ಕ್ಷಕಾರ ಸರಿ, ಒತ್ತುಗಳು ಸರಿ.

"ಬಂತು ಕಣೇ."

"ಯಾವ್ದು ಹಾಕೋಣ ಅಕ್ಕ?" ಅಂದಳು ಶಿಲ್ಪ. ನಗು ಬಾರದ ಹಾಗೆ ತುಟಿ ಕಚ್ಚಿಕೊಂಡಿದ್ದಳು.

"ಗೊತ್ತಿದ್ದೂ ಕೇಳ್ತೀಯಲ್ಲ. ಹಾಕು, ನಿಂದೇ ಹಾಕು."

"ನಾನಲ್ಲ. ನೀವೇ ಒತ್ತಿ. ಅಳಿಸ್ಲಾ ಅಂತ ಕೇಳುತ್ತೆ, ಈ ಸಲ ಓದಿ ಒತ್ತಿ."

ಆ ಮಾತಿಗೆ ಮಮತಳಿಗೆ ಕೋಪ ಬಂತು, ಆದರೂ ಓದಿದಳು, ಓದಿ ಒತ್ತಿದಳು. ಹೋದ ಅರ್ಜಿಗಳನ್ನು ಒಂದೊಂದಾಗಿ ಮತ್ತೆ ಟೈಪ್ ಮಾಡಲು ಕೂತಾಗ ಪಿಂಚಣಿಯದು, ಪಹಣಿಯದು, ಜಾತಿ ಪತ್ರದ್ದು ಎಲ್ಲ ಅವಳಿಗೆ ಬಾಯಿಪಾಠವೇ ಇತ್ತು. ಶಿಲ್ಪ ಬಾಯಿ ಬಿಟ್ಟುಕೊಂಡು ನೋಡಿದಳು. ಮಮತ ಅದನ್ನು ಗಮನಿಸಿ ಇನ್ನೂ ಸ್ವಲ್ಪ ವೇಗವಾಗಿ ಹೊಡೆದಳು.

ಮುಂದಿನ ಸೋಮವಾರ ಆವಲಪ್ಪ ಮತ್ತೆ ಬಂದ. ಅವನ ಹಿಂದೆ ವಾರದಿಂದ ಕಾದಿದ್ದ ಇನ್ನೂ ಐದಾರು ಜನ. ಅರ್ಜಿ ಹತ್ತು ನಿಮಿಷದಲ್ಲಿ ತಯಾರಾಯಿತು. ಆವಲಪ್ಪ ಬಿಸಿ ಕಾಗದ ಹಿಡಿದು ಆಶ್ಚರ್ಯಪಟ್ಟ.

"ಸತ್ತೋಗಿತ್ತಲ್ಲ ನಿಮ್ಮ ಮಿಷನ್ನು? ಈಗ ನೋಡಿದ್ರೆ ಹೊಸದಕ್ಕಿಂತ ಜೋರಾಗಿ ಓಡ್ತೈತೆ. ಯಾರು ಸರಿ ಮಾಡಿದ್ದು?"

ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಸಪ್ಪಲಮ್ಮ ಎದೆಯುಬ್ಬಿಸಿದಳು. "ಇನ್ಯಾರು? ನಮ್ಮ ಮಮತಾನೇ! ಅದೇನೋ ಲಿನಕ್ಸಂತೆ, ವಾರ ಎಲ್ಲಾ ಕೂತು ತಾನೇ ಆರಿಸಿ ಹಾಕವ್ಳೆ. ನನ್ನ ಸೊಸೆ ಅಂದ್ರೆ ಏನಂದ್ಕೊಂಡೆ?"

ಏಳು ತಿಂಗಳು ಬೇಡ, ಒಂದು ತಿಂಗಳ ಹಿಂದೆ ಈ ಮಾತಿಗಾಗಿ ಮಮತ ಏನು ಬೇಕಾದರೂ ಕೊಡುತ್ತಿದ್ದಳು. ಈಗ ಕೇಳದೆಯೇ, ಊರವರ ಎದುರು, ಅತ್ತೆಯ ಬಾಯಿಂದಲೇ ಬಂದಿತ್ತು. ಸುಮ್ಮನೆ ಇದ್ದರೆ ಸಾಕು, ಮಾತು ತನ್ನದಾಗುತ್ತಿತ್ತು. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಆರಿಸಿದವಳು ನಿಜಕ್ಕೂ ಅವಳೇ. ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತಿತ್ತು. ಶಿಲ್ಪ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಮಮತಳಿಗೆ ತಿಳಿಯಿತು. ಸುಮ್ಮನೆ ಇದ್ದುಬಿಡಲೇ ಎಂದು ಮನಸ್ಸು ಒಂದಲ್ಲ, ಎರಡು ಸಲ ಎಳೆಯಿತು.

"ಅಲ್ಲ ಅತ್ತೆ," ಅಂದಳು. ಅಡುಗೆಮನೆಗೂ ಕೇಳಲಿ ಎಂದು ದನಿ ಎತ್ತಿಯೇ ಅಂದಳು. "ಹಾಳು ಮಾಡಿದ್ದು ನಾನು. ಸರಿ ಮಾಡಿದ್ದು ಶಿಲ್ಪ. ಆವಲಪ್ಪಣ್ಣ, ನಿಮ್ಮ ಮನೆ ಕಂಪ್ಯೂಟರು ಕೆಟ್ಟಿದೆ ಅಂತಿದ್ರಲ್ಲ, ಅದಕ್ಕೆ ಅವಳನ್ನ ಕೇಳಿ, ನನ್ನ ಕೇಳ್ಬೇಡಿ."

"ಓ, ಹಂಗಾ?" ಆವಲಪ್ಪ ಒಳಕ್ಕೆ ಕತ್ತು ಚಾಚಿ ಕೂಗಿದ. "ಶಿಲ್ಪಮ್ಮಾ! ಶಿಲ್ಪಮ್ಮ, ಒಂದ್ನಿಮಿಷ ಬರ್ತೀಯಾ?"

ಊರಿನವರೊಬ್ಬರು ಆ ಹೆಸರು ಹಿಡಿದು ಕೂಗಿದ್ದು ಅದೇ ಮೊದಲು. ಅದು ಕಿವಿಗೆ ಬಿದ್ದದ್ದೇ ಮಮತಳ ಹೊಟ್ಟೆಯಲ್ಲಿ ಚುರ್ ಎಂದಿತು. ಶಿಲ್ಪ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಓಡಿ ಬಂದಳು, ಅವಳ ಮುಖ ನೋಡಲು ಮಮತಳಿಂದ ಆಗಲಿಲ್ಲ. ಕೀಬೋರ್ಡಿನ ಮೇಲೆ ಕೈಯಿಟ್ಟು, ಸಾಲಿನಲ್ಲಿ ಮುಂದೆ ಕೂತಿದ್ದ ಮುದುಕಿಗೆ, "ಹೂಂ, ಹೇಳಜ್ಜಿ, ಪಿಂಚಣಿ ಯಾವಾಗಿಂದ ನಿಂತೋಯ್ತು?" ಅಂದಳು.